ಪಥ್ಯದ ವಿಸ್ಕಿ

ಗಂಡನ ಕುಡಿತವನ್ನು ವೈದ್ಯಶಾಸ್ತ್ರವೇ ಎತ್ತಿಹಿಡಿದರೆ ಹೆಂಡತಿಯಾದವಳು ಯಾರ ಬಳಿ ದೂರಬೇಕು?

ನಮ್ಮವರು ನಾಗಭೂಷಣ, ಆದೋನಿಯಲ್ಲಿ ಹತ್ತಿ ವ್ಯಾಪಾರ ಮಾಡಿ ಸಾಕೆನಿಸಿ ಬಿಟ್ಟವರು. ವಯಸ್ಸು ಎಪ್ಪತ್ತಮೂರು, ಹೊಟ್ಟೆಯುಬ್ಬರದ ವಯಸ್ಸು ಎರಡು. ಬಳ್ಳಾರಿಯ ಆಹಾರತಜ್ಞೆ ವಿಜಯಶ್ರೀ ನಮ್ಮವರಿಗೆ 'ಲೋ ಫಾಡ್‌ಮ್ಯಾಪ್' ಎಂಬ, ಹೊಟ್ಟೆಯಲ್ಲಿ ಗಾಳಿ ತುಂಬಿಸುವ ಪದಾರ್ಥಗಳನ್ನು ದೂರವಿಡುವ ಪಥ್ಯದ ಪಟ್ಟಿ ಕೊಟ್ಟಳು. ಈರುಳ್ಳಿ ಬೇಡ, ಬೆಳ್ಳುಳ್ಳಿ ಬೇಡ, ಗೋಧಿ, ಹಾಲು, ಬೇಳೆಕಾಳು ಬೇಡ. ಓದುತ್ತಾ ಹೋದಂತೆ ಬಾಡುತ್ತಿದ್ದ ನಮ್ಮವರ ಮುಖ ಕೊನೆಯ ಪುಟದಲ್ಲಿ ಇದ್ದಕ್ಕಿದ್ದಂತೆ ಅರಳಿತು.

"ವಿಸ್ಕಿ ಮೂವತ್ತು ಎಂ.ಎಲ್. ನಡೀತೈತಿ ಅಂತ ಬರದಾಳ ನೋಡು!"

"ರಮ್ ಕೂಡದು ಅಂತಾನೂ ಬರದಾಳ್ರಿ."

"ರಮ್ ಯಾವನಿಗೆ ಬೇಕಾಗೈತಿ?"

ಮೂವತ್ತೊಂದು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದ ನಾನು ಮುದ್ರಿತ ಪ್ರಮಾಣವನ್ನು ಅಲ್ಲಗಳೆಯಲಾರೆ. ದಿನವೂ ಸಂಜೆ ಏಳಕ್ಕೆ ಅಳೆದು ಕೊಟ್ಟೆ. ಜೊತೆಗೆ ಮಂಡಕ್ಕಿ ನೆನೆಸಿ ಒಗ್ಗರಿಸಿದ ಉಗ್ಗಾಣಿ. (ಮಂಡಕ್ಕಿ ಅಕ್ಕಿಯದು, ಪಟ್ಟಿಯ ಪ್ರಕಾರ ನಿರ್ದೋಷಿ. ಈರುಳ್ಳಿಯಿಲ್ಲದ ಉಗ್ಗಾಣಿ ಮಾಡಿದವಳು ಈ ಸೀಮೆಯ ಇತಿಹಾಸದಲ್ಲಿ ನಾನೇ ಮೊದಲಿರಬೇಕು.)

ಹೊಟ್ಟೆ ಮಾತ್ರ ನಗಾರಿಯಾಗಿಯೇ ಉಳಿಯಿತು. ತಪ್ಪಿತಸ್ಥ ಯಾರೆಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಸೀಸೆಯನ್ನು ಬೀರುವಿಗೆ ಹಾಕಿ ಬೀಗ ಜಡಿದೆ.

"ಉಳ್ಳಾಗಡ್ಡಿ ಬಿಟ್ಟೆ, ಚಪಾತಿ ಬಿಟ್ಟೆ, ಹಾಲಿನ ಚಹಾ ಬಿಟ್ಟೆ. ದಿನಾ ಅದೊಂದ ಗುಟುಕಿನ ದಾರಿ ಕಾಯ್ತಿದ್ದೆ. ಅದನ್ನೂ ಕಸಗೊಂಡ್ಯಲ್ಲ ತಾಯಿ!"

"ಇದು ಪ್ರಯೋಗ. ಕಣ್ಣೀರಿಗೆ ಇದರಾಗ ಕಾಲಂ ಇಲ್ಲ."

ಹತ್ತು ದಿನ ಬರೀ ಉಗ್ಗಾಣಿ ತಿಂದರು. ಹೊಟ್ಟೆ ಇನ್ನಷ್ಟು ಉಬ್ಬಿತು. ಕದ್ದು ಕುಡಿಯುತ್ತಿದ್ದಾರೆಂದು ತೀರ್ಮಾನಿಸಿ (ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು, ಆದರೂ) ವಿಜಯಶ್ರೀಗೆ ವಿಡಿಯೊ ಕಾಲ್ ಮಾಡಿ, ನಮ್ಮವರ ಎದುರೇ ದೂರಿದೆ. ಅವಳು ನನ್ನ ಭಾಷಣ ತಡೆದು, ಅವರ ತಟ್ಟೆ ತೋರಿಸಲು ಹೇಳಿದಳು.

"ಮೇಡಂ, ಮ್ಯಾಲೆ ಏನೋ ಪುಡಿ ಉದುರಿಸೀರಲ್ಲ?"

"ಪುಟಾಣಿ ಪುಡಿ. ಅದಿಲ್ದ ಉಗ್ಗಾಣಿ ಆಗ್ತೈತೇನಮ್ಮ?"

"ಪುಟಾಣಿ ಅಂದ್ರ ಹುರಿಗಡಲೆ. ಅದೂ ಕಾಳಲ್ಲೇನ್ರಿ ಮೇಡಂ? ಎಷ್ಟು ಹಾಕ್ತೀರಿ?"

"ಎರಡು... ಮೂರು ಚಮಚ. ಉಳ್ಳಾಗಡ್ಡಿ ಇಲ್ಲಲ್ಲ, ರುಚಿಗೆ ಅಂತ."

ನಮ್ಮ ಕಡೆ ಪುಟಾಣಿಯನ್ನು ಯಾರೂ ಕಾಳೆಂದು ಎಣಿಸುವುದಿಲ್ಲ. ಅದು ಉಪ್ಪಿನ ಹಾಗೆ, ಮೇಲೆ ಉದುರಿಸುವಂಥದ್ದು. ಆದರೆ ಆ ಸಮಜಾಯಿಷಿ ರಸಾಯನಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಿದ ನನ್ನಂಥವಳಿಗೆ ಒಪ್ಪುವಂಥದ್ದಲ್ಲ. ನಮ್ಮವರು ಪುಟಾಣಿ ಪುಡಿಯ ಡಬ್ಬಿಗೆ ತಾವೇ ಬಿಗಿಯಾಗಿ ಮುಚ್ಚಳ ಹಾಕಿದರು. ಬೈದಿದ್ದರೆ ಉತ್ತರ ಕೊಡಬಹುದಿತ್ತು.

ಪುಟಾಣಿ ನಿಂತ ಐದನೆಯ ದಿನ ಹೊಟ್ಟೆ ಇಳಿಯಿತು. ಆ ಸಂಜೆ ನಾನಾಗಿಯೇ ಬೀರು ತೆರೆದೆ. ಕ್ಷಮೆ ಕೇಳುವುದು ನಾನು ಕಲಿಯದ ವಿದ್ಯೆ. ಹಾಗಾಗಿ ಲೋಟಕ್ಕೆ ಅರವತ್ತು ಎಂ.ಎಲ್. ಸುರಿದೆ.

ಅವರು ಲೋಟವನ್ನು ಬೆಳಕಿಗೆ ಹಿಡಿದು ನೋಡಿ, ನನ್ನ ಕಡೆಗೇ ತಳ್ಳಿದರು.

"ಪಟ್ಟಿಯೊಳಗ ಮೂವತ್ತಂತ ಐತಿ. ಇಷ್ಟು ಓದಿದಾಕಿ, ಅಷ್ಟು ಕಾಣಂಗಿಲ್ಲೇನು? ಅರ್ಧ ವಾಪಸ್ ಸುರಿ."

ಸುರಿದೆ. ಒಂದು ಹನಿಯೂ ಹೆಚ್ಚು ಉಳಿಯದಂತೆ ಅವರು ಬಗ್ಗಿ ನೋಡುತ್ತಲೇ ಇದ್ದರು.