ಅಕ್ಕನ ಖಾಲಿ ಹಿತ್ತಲ ಉದ್ಧಾರ

ಭೂಮಿಯನ್ನು ಉಳಿಸುವುದು ಕಷ್ಟವೆಂದು ಜನ ಯಾಕೆ ಹೆದರಿಸುತ್ತಾರೋ! ಒಂದು ಗುದ್ದಲಿ, ಐವತ್ತು ಸಸಿ, ಒಂದು ಖಾಲಿ ಜಾಗ ಇದ್ದರೆ ಸಾಕು ಎಂದು ನಾನು ನಂಬಿದ್ದೆ.

ಮೂರನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ದಾಂಡೇಲಿಯಲ್ಲಿ ಮೂವತ್ತು ವರ್ಷ ಗೋಡೆ ಕಟ್ಟುವ ಗೌಂಡಿ ಕೆಲಸ ಮಾಡಿ, ಬೆನ್ನು ಬಗ್ಗಿದ ಮೇಲೆ ಜೋಯಿಡಾ ಕಡೆಯ ನಮ್ಮ ಊರಿಗೆ ಮರಳಿದೆ. ಅಂಥವನನ್ನು ಪಂಚಾಯಿತಿಯವರು ಪರಿಸರ ಸಮಿತಿಯ ಸದಸ್ಯನನ್ನಾಗಿ ಮಾಡಿದರು! ಜೂನ್ ಮೊದಲ ವಾರದೊಳಗೆ ಪ್ರತಿ ಸದಸ್ಯನೂ ಒಂದು ಖಾಲಿ ಜಾಗ ಹುಡುಕಿ ಸಸಿ ನೆಡತಕ್ಕದ್ದು ಎಂದು ಠರಾವಾಯಿತು.

ನೆರೆಮನೆಯ ಫಕೀರಪ್ಪನನ್ನು ಕೇಳಿದೆ. "ಎಲ್ಲ್ಯರ ಖಾಲಿ ಜಾಗಾ ಐತೇನೋ?"

"ಐತಲ್ಲ, ನಿನ್ನ ಹೆಗಲ ಮ್ಯಾಲ!"

ಅಸೂಯೆ, ಎಂದುಕೊಂಡೆ.

ಇನ್ನೊಂದು ಪಕ್ಕದಲ್ಲಿ ಅಕ್ಕನ ಮನೆ. ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ದಿನಾ ಸಂಜೆ ಬೇಲಿಯಾಚೆಯಿಂದ, "ಊಟಾ ಆತೇನೋ ತಮ್ಮಾ?" ಎನ್ನುತ್ತಾಳೆ. ಹೆಂಡತಿ ತೀರಿಕೊಂಡ ಮೇಲೆ ನನ್ನನ್ನು ಈ ಪ್ರಶ್ನೆ ಕೇಳುವ ಬೇರೆ ಜೀವ ಈ ಭೂಮಿಯ ಮೇಲಿಲ್ಲ.

ಅಕ್ಕ ಮಗಳ ಬಾಣಂತನಕ್ಕೆಂದು ಹಳಿಯಾಳಕ್ಕೆ ಹೊರಟಳು. "ಹಿತ್ತಲಾ ನೋಡ್ಕೋ," ಎಂದಳು.

ನೋಡಿದೆ. ಏನೂ ಇರಲಿಲ್ಲ! ಒಣಗಿದ ಎಲೆ ಮುಚ್ಚಿದ ಸಣ್ಣ ಸಣ್ಣ ಮಣ್ಣಿನ ಗುಪ್ಪೆಗಳು, ಅಷ್ಟೆ. ಸ್ವಚ್ಛತೆಯೂ ಆಗಲಿ ಎಂದು ಎಲೆ ಗುಡಿಸಿ ಸುಟ್ಟೆ. ಅಕೇಶಿಯಾ ಸಸಿಗಳಿಗೆ ಗುಂಡಿ ತೋಡಿದರೆ ಬುಟ್ಟಿಗಟ್ಟಲೆ ಗಡ್ಡೆ ಸಿಕ್ಕವು. ಪಾಪ, ಕಳೆದ ವರ್ಷ ಅಕ್ಕ ಅಗೆಯುವುದನ್ನು ಮರೆತಿರಬೇಕು. ಆಹಾರ ಹಾಳು ಮಾಡಬಾರದೆಂದು ಸಭೆಯಲ್ಲೇ ಭಾಷಣ ಕೇಳಿದ್ದೆನಲ್ಲ? ಎಲ್ಲವನ್ನೂ ಬೇಯಿಸಿ, ಉಪ್ಪು ಖಾರ ಹಚ್ಚಿ, ನೆಟ್ಟ ಸಸಿಗಳ ಫೋಟೊ ತೆಗೆಯಲು ಬಂದ ಪಂಚಾಯಿತಿ ಸಾಹೇಬರಿಗೂ ಸಮಿತಿಗೂ ಬಡಿಸಿದೆ.

"ಭಾಳ ರುಚಿ ಅದಾವ್ರಿ!" ಎಂದರು ಸಾಹೇಬರು.

ಮರುದಿನ ಬರುವ ಅಕ್ಕನಿಗೂ ಒಂದು ಬಟ್ಟಲು ಎತ್ತಿಟ್ಟೆ. ಅದು ನನ್ನ ದೊಡ್ಡತನ!

ಅಕ್ಕ ಒಂದು ತುಂಡು ಬಾಯಿಗಿಟ್ಟಳು. ಅಗಿಯುವುದನ್ನು ನಿಲ್ಲಿಸಿದಳು.

"ಎಲ್ಲೀವೋ ಇವು?"

"ನಿನ್ನ ಹಿತ್ತಲದಾಗಿನ್ವ. ನೀ ಅಗಿಯೂದು ಮರ್ತಿದ್ದಿ, ನಾ ತಗದೆ."

"ಮರ್ತಿದ್ದಿಲ್ಲೋ. ಊರಿದ್ದೆ. ಅವ್ವನ ಬೀಜ. ಮಳಿಗೆ ಚಿಗೀತಿದ್ವು."

ಬಟ್ಟಲನ್ನು ಮೆಲ್ಲಗೆ ನನ್ನ ಕಡೆ ಸರಿಸಿದಳು. ನಾವಿಬ್ಬರೂ ಹಸಿದು ಅತ್ತಾಗಲೂ ಅವ್ವ ಮುಟ್ಟಗೊಡದ ಬೀಜದ ಗಡ್ಡೆಗೆ ನಾನು ಖಾರ ಹಚ್ಚಿದ್ದೆ!

ಅಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ಸಂಜೆ ಬೇಲಿಯಾಚೆಯಿಂದ ಪ್ರಶ್ನೆ ಬರಲಿಲ್ಲ. ಮರುದಿನವೂ ಇಲ್ಲ.

ಸಸಿಗಳಾದರೂ ಸಾಯಬಾರದೇ? ಐವತ್ತಕ್ಕೆ ಐವತ್ತೂ ಬದುಕಿದವು! ಕೀಳುತ್ತೇನೆಂದು ಹೋದರೆ ಸಾಹೇಬರು ಗಾಬರಿಯಾದರು. "ಫೋಟೊ ಮ್ಯಾಲಿನ ಆಫೀಸಿಗೆ ಹೋಗೇತ್ರಿ! ಈಗ ಕಿತ್ರ ಪರಿಸರಕ್ಕ ಧಕ್ಕಿ ಆಗತೈತಿ."

ನಮ್ಮ ಕಡೆ ಗಡ್ಡೆಯ ಬೀಜ ಮಾರುವುದಿಲ್ಲ. ಒಬ್ಬರಿಂದ ಪಡೆದವರು ಬೆಳೆದ ಮೇಲೆ ಅದೇ ತಳಿ ಮರಳಿಸುತ್ತಾರೆ. ಹಾಗಾಗಿ ಅವ್ವನ ಬೀಜ ಎಲ್ಲಾದರೂ ಇದ್ದೀತೆಂದು ಕೇರಿ ಕೇರಿ ಅಲೆದೆ. ಕೊನೆಗೆ ಒಬ್ಬ ಮುದುಕಿ ಹೇಳಿದಳು, "ನಿಮ್ಮವ್ವ ಕೊಟ್ಟ ತಳಿ ಐತಿ. ನಟ್ಟು ಉಳದದ್ದು ಮೂರ ಗಡ್ಡಿ. ಏನು, ಇವನ್ನೂ ಬೇಯಸ್ತಿಯೇನು?"

ಸುದ್ದಿ ನನಗಿಂತ ಮೊದಲೇ ಅಲ್ಲಿಗೆ ತಲುಪಿತ್ತು!

ಅವ್ವನ ಆಣೆ ಮಾಡಿ ಮೂರನ್ನೂ ತಂದೆ. ನನ್ನ ಅಂಗಳದಲ್ಲಿ ಊರಿ, ಗುಪ್ಪೆ ಮಾಡಿ, ಎಲೆ ಮುಚ್ಚಿದೆ. ಇನ್ನೊಬ್ಬ ಸದಸ್ಯ ಗುದ್ದಲಿ ಹಿಡಿದು ಬಂದರೆ? ಹಲಗೆಯ ಮೇಲೆ, 'ಈ ಜಾಗ ಖಾಲಿ ಇಲ್ಲ' ಎಂದು ಬರೆದು ನೆಟ್ಟೆ. ದಿನವಿಡೀ ಅದರ ಪಕ್ಕದಲ್ಲೇ ಕೂತೆ. ಬೇರೆ ಯಾರ ಜೊತೆ ಕೂರಲಿ?

ಶ್ರಾವಣದಲ್ಲಿ ಮೂರೂ ಚಿಗುರಿದವು. ಒಂದು ಸಂಜೆ ಅಕ್ಕ ಬೇಲಿಗೆ ಬಂದು ನಿಂತಳು. ಚಿಗುರನ್ನು ಬಹಳ ಹೊತ್ತು ನೋಡಿದಳು. ಓದು ಬಾರದವಳು, ಹಲಗೆ ತೋರಿಸಿ, "ಏನ ಬರ್ದಿ?" ಎಂದಳು.

"ಈ ಜಾಗಾ ಖಾಲಿ ಇಲ್ಲ ಅಂತ, ಅಕ್ಕಾ."

"ಅಲ್ಲೇ ಇರ್ಲಿ. ಕೊಳ್ಳಾಗ ಹಾಕ್ಕೋಬ್ಯಾಡ, ಸುಳ್ಳ ಆಗತೈತಿ."

ಎರಡು ತಿಂಗಳಲ್ಲಿ ಅಕ್ಕ ಆಡಿದ ಮೊದಲ ಮಾತು! ನಾನು ಮೂರ್ಖನಂತೆ ನಕ್ಕೆ, ಇನ್ನೊಂದು ಮಾತಿಗಾಗಿ ಕಾದೆ. ಅವಳು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ಊಟ ಆಯಿತೇ ಎಂದು ನನ್ನನ್ನು ನಾನೇ ಕೇಳಿಕೊಂಡೆ.

ಆಗಿರಲಿಲ್ಲ.