ವಾಲಗದ ಹಿಂದೆ ಸ್ಪೋರ್ಟ್ಸ್ ಕಾರು

ಕಾರು ಕಟ್ಟುವುದು ಬ್ರಹ್ಮವಿದ್ಯೆಯೇನಲ್ಲ ಎಂಬ ತೀರ್ಮಾನಕ್ಕೆ ನಾನು ಬಂದ ದಿನ ನನಗೆ ಗೊತ್ತಿದ್ದ ಕೆಲಸ ಒಂದೇ: ಸ್ಕೂಟರಿನ ಸ್ಪಾರ್ಕ್ ಪ್ಲಗ್ ಬಿಚ್ಚಿ, ಒರೆಸಿ, ಮತ್ತೆ ಹಾಕುವುದು. ಇಷ್ಟು ಬಂದವನಿಗೆ ಮಿಕ್ಕದ್ದು ಎಷ್ಟರ ಮಾತು!

ನಾನು ಜೀವ ವಿಮೆಯ ಕಚೇರಿಯಲ್ಲಿ ಗುಮಾಸ್ತ. ಇಂದಿರಾನಗರದ ಮಗ್ಗುಲಿನ ನೌಕರರ ಕಾಲೊನಿಯಲ್ಲಿ ವಾಸ. ನನ್ನ ಕೈಬರಹ ದುಂಡಗಿದೆ ಎಂಬುದೊಂದು ಬಿಟ್ಟರೆ ಬೇರೆ ಕೀರ್ತಿ ಇಲ್ಲ. ಹೆಂಡತಿಯ ತವರಿನಲ್ಲೂ ಅದೇ ಕೀರ್ತಿ. ಪ್ರಮೀಳಾಳ ತವರು ಬಾಣಸವಾಡಿ ಕಡೆಯ ಹಳೆಯ ಒಕ್ಕಲು ಮನೆತನ. ಅವರ ರಾಗಿ ಹೊಲದಲ್ಲಿ ಆಗ ಸೈಟುಗಳು ಬೆಳೆಯುತ್ತಿದ್ದವು. ಅಲ್ಲಿ ನಾಲ್ಕು ಜನ ಸೇರಿದರೆ ಕಾರ್ನರ್ ಸೈಟಿನ ಮಾತು. ಸೈಟೇ ಇಲ್ಲದ ಅಳಿಯ ಏನು ಮಾತಾಡಬೇಕು? ಅವರ ಮನೆಯ ಪ್ರತಿ ಮದುವೆಯಲ್ಲೂ ಬಾಗಿಲ ಬಳಿ ಮೇಜು ಹಾಕಿ, ನನ್ನನ್ನು ಕೂರಿಸಿ, ಮುಯ್ಯಿ ಬರೆಸುತ್ತಿದ್ದರು. ಯಾರು ಏನು ಕೊಟ್ಟರೆಂದು ಬರೆದೂ ಬರೆದೂ ನನ್ನ ಆತ್ಮಗೌರವ ಸವೆದುಹೋಗಿತ್ತು.

ಅಂಥ ದಿನಗಳಲ್ಲಿ ಪಾಲಿಸಿಯ ಕೆಲಸವಾಗಿ ಫ್ರೇಜರ್ ಟೌನಿನ ಒಂದು ಬಂಗಲೆಗೆ ಹೋದಾಗ ಆ ಕಾರನ್ನು ಕಂಡೆ. ಇಂಗ್ಲೆಂಡಿನಲ್ಲಿ ಹುಟ್ಟಿದ್ದು. ಎರಡೇ ಸೀಟು, ಮೇಲೆ ಛಾವಣಿ ಇಲ್ಲ, ಉದ್ದನೆಯ ಮೂತಿ. ಮನೆಯ ಯಜಮಾನಿ ಅದರ ಬಾನೆಟ್ಟಿನ ಮೇಲೆ ಕೆಂಪು ಮೆಣಸಿನಕಾಯಿ ಒಣಹಾಕಿದ್ದರು. ನನಗೆ ಕಣ್ಣಲ್ಲಿ ನೀರು ಬಂತು. ಮೆಣಸಿನಕಾಯಿಯ ಘಾಟಿಗೋ, ಕಾರಿನ ಚೆಲುವಿಗೋ ಹೇಳಲಾರೆ.

ಗುಜರಿ ಬೆಲೆಗೆ ಕೊಂಡೆ. ಎಂಜಿನ್ನು ತುಕ್ಕಿನ ಮುದ್ದೆಯಾಗಿದ್ದರಿಂದ ಕಾರನ್ನು ಎಳೆದುಕೊಂಡೇ ಮನೆಗೆ ತಂದೆ. ಪ್ರಮೀಳಾ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು.

"ರೀ, ಇದ್ರಲ್ಲಿ ಮಕ್ಕಳು ಎಲ್ಲಿ ಕೂತ್ಕೋತಾರೆ?"

"ಇದು ಕೂರೋ ಕಾರಲ್ಲ ಕಣೇ, ಓಡೋ ಕಾರು!"

"ಓಡ್ತಾ ಇಲ್ವಲ್ಲ?"

"ಓಡಿಸ್ತೀನಿ ನೋಡ್ತಿರು."

ಓಡಿಸುವ ಕಾರ್ಯ ಶಿವಾಜಿನಗರದಲ್ಲಿ ನಡೆಯಿತು. ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ನಯಾಜ್ ಭಾಯ್ ಎಂಬ ಮೆಕ್ಯಾನಿಕ್ಕಿನ ಶೆಡ್ಡು. ನಾನು ಕನಸು ಕಾಣುವವನಾದರೆ ಆತ ಅದಕ್ಕೆ ಗಾಳಿ ಹಾಕುವವನು. ಬ್ರಿಗೇಡ್ ರಸ್ತೆಯ ಫುಟ್‌ಪಾತಿನಲ್ಲಿ ಕೊಂಡ ಹಳೆಯ ವಿದೇಶಿ ಮ್ಯಾಗಜೀನುಗಳನ್ನು ನಾನು ಓದಿ ಹೇಳುತ್ತಿದ್ದೆ. ಆತ "ಮಾಡೇ ಬಿಡುವಾ ಸಾಬ್!" ಎಂದು ತೊಡೆ ತಟ್ಟುತ್ತಿದ್ದ. ಬೇಡ ಎನ್ನುವವರು ಇಬ್ಬರಲ್ಲಿ ಒಬ್ಬರೂ ಇರಲಿಲ್ಲ.

ಅಪಘಾತವಾಗಿ ಗುಜರಿಗೆ ಬಂದಿದ್ದ ಒಂದು ಜಪಾನಿ ಕಾರಿನ ಎಂಜಿನ್ನು ಸಿಕ್ಕಿತು. ಹಳೆಯದಕ್ಕಿಂತ ಎರಡು ಪಟ್ಟು ಶಕ್ತಿ. ಅದಕ್ಕೆ ಜೋಡಿ ಕಾರ್ಬುರೇಟರು, ಬಿಗಿಯಾದ ಸ್ಪ್ರಿಂಗು, ರೇಸಿನ ಕ್ಲಚ್ಚು ಎಲ್ಲ ಹಾಕಿಸಿದೆ. ರೇಸಿನವರು ಕಟ್ಟಿಕೊಳ್ಳುವ, ಎರಡೂ ಭುಜದ ಮೇಲಿಂದ ಇಳಿದು ಹೊಟ್ಟೆಯ ಮೇಲೆ ಕೂಡುವ ಬೆಲ್ಟುಗಳನ್ನೂ ಹಾಕಿಸಿದೆ. ಒಂದೇ ತೊಡಕು. ಹೊಸ ಎಂಜಿನ್ನು ಉದ್ದ. ಅದನ್ನು ಕೂರಿಸಿದ ಮೇಲೆ ರೇಡಿಯೇಟರಿನ ಹಿಂದೆ ಅದನ್ನು ತಣಿಸುವ ಫ್ಯಾನಿಗೆ ಜಾಗವೇ ಉಳಿಯಲಿಲ್ಲ.

"ಫ್ಯಾನ್ ಕಾಯ್ಕು ಸಾಬ್? ಗಾಡಿ ಓಡಿದ್ರೆ ಗಾಳಿ ತಾನಾಗೇ ಬರ್ತದೆ" ಎಂದ ನಯಾಜ್ ಭಾಯ್.

"ಅಲ್ವೇ ಮತ್ತೆ? ನಿಲ್ಲೋದಕ್ಕೆ ಯಾರು ಸ್ಪೋರ್ಟ್ಸ್ ಕಾರು ಕಟ್ತಾರೆ?" ಎಂದೆ ನಾನು.

ಫ್ಯಾನನ್ನು ಇಬ್ಬರೂ ಸಂತೋಷದಿಂದ ಗುಜರಿಗೆ ಎಸೆದೆವು.

ಒಂದು ಭಾನುವಾರ ಬೆಳಗ್ಗೆ ಕೆ.ಆರ್. ಪುರ ದಾಟಿ ಹಳೇ ಮದ್ರಾಸು ರಸ್ತೆಯಲ್ಲಿ ಪರೀಕ್ಷೆ. ಅಬ್ಬಾ! ಕಾರು ಬಿಟ್ಟ ಬಾಣವಾಯಿತು. ನನ್ನ ತಲೆಯಲ್ಲಿ ಉಳಿದಿದ್ದ ನಾಲ್ಕು ಕೂದಲೂ ಹಿಂದಕ್ಕೆ ಹಾರಿದವು. ಬಿಸಿ ತೋರಿಸುವ ಮುಳ್ಳು ಮಲಗಿದಲ್ಲಿಂದ ಏಳಲಿಲ್ಲ. ಕಾರನ್ನು ನಿಧಾನವಾಗಿಯೂ ಓಡಿಸಿ ನೋಡಬೇಕೆಂದು ಯಾವ ಮ್ಯಾಗಜೀನೂ ಬರೆದಿರಲಿಲ್ಲ.

ಅದೇ ಸಮಯಕ್ಕೆ ಪ್ರಮೀಳಾಳ ಒಬ್ಬನೇ ತಮ್ಮ ಮುನಿರಾಜುವಿಗೆ ಮದುವೆ ಗೊತ್ತಾಯಿತು. ಹುಡುಗಿ ರಾಮಮೂರ್ತಿನಗರದ ನಂಜಪ್ಪನವರ ಹಿರಿಮಗಳು ಭಾಗ್ಯ. ಆ ಹುಡುಗಿಗೆ ಹಿಂದೆ ಒಂದು ಸಂಬಂಧ ನಿಶ್ಚಿತಾರ್ಥದವರೆಗೂ ಬಂದು ಮುರಿದಿತ್ತು. ಆ ವರ ಹೇಳದೆ ಕೇಳದೆ ಊರು ಬಿಟ್ಟಿದ್ದನಂತೆ. ಅಂದಿನಿಂದ ನಂಜಪ್ಪನವರು ಅರ್ಧ ಇಳಿದುಹೋಗಿದ್ದರು. ಈ ಮದುವೆ ಮುಗಿಯುವವರೆಗೂ ಅವರಿಗೆ ನಿದ್ದೆ ಇಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು! ಅದನ್ನು ನೆನೆದರೆ ಇಂದಿಗೂ ತಲೆ ತಗ್ಗುತ್ತದೆ.

ಗೊತ್ತಿದ್ದೂ ಮದುವೆ ಮಾತುಕತೆಯ ತುಂಬಿದ ಸಭೆಯಲ್ಲಿ ಎದ್ದು ನಿಂತು ಘೋಷಿಸಿದೆ: "ವರಪೂಜೆಗೆ ಮುನಿರಾಜು ನನ್ನ ಕಾರಲ್ಲೇ ಬರ್ಬೇಕು!"

ಸಭೆ ಮೊದಲ ಬಾರಿಗೆ ನನ್ನತ್ತ ತಿರುಗಿತು. ಮಾವನವರು ಗೊತ್ತು ಮಾಡಿದ್ದ ಬಿಳಿ ಕಾರನ್ನು ಪ್ರಮೀಳಾಳೇ ಹೆಮ್ಮೆಯಿಂದ ಬೇಡವೆನ್ನಿಸಿದಳು. ನಂಜಪ್ಪನವರು ಮಾತ್ರ ನನ್ನನ್ನು ಪಕ್ಕಕ್ಕೆ ಕರೆದರು.

"ಸಾರ್, ಗಾಡಿ ಬಲೇ ಜೋರಾಗಿ ಹೋಗ್ತದಂತೆ?"

"ಹೆದರ್ಬೇಡಿ ನಂಜಪ್ಪನೋರೆ. ನಿಮ್ಮಳಿಯನ್ನ ಚೌಲ್ಟ್ರಿ ಬಾಗಿಲಿಗೆ ತಂದು ಇಳಿಸೋದು ನನ್ನ ಜವಾಬ್ದಾರಿ."

ಅವರು ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು.

ಮದುವೆಯ ಹಿಂದಿನ ಸಂಜೆ. ಬಾಣಸವಾಡಿಯ ಗಣೇಶನ ಗುಡಿಯಿಂದ ಚೌಲ್ಟ್ರಿಗೆ ವರನ ಮೆರವಣಿಗೆ. ಹೂವಿನವರು ಕಾರನ್ನು ಕಾಣದಂತೆ ಸಿಂಗರಿಸಿದ್ದರು. ಮುಂದಿನ ಜಾಲರಿಗೆ, ಅಂದರೆ ರೇಡಿಯೇಟರಿಗೆ ಗಾಳಿ ನುಗ್ಗುವ ಏಕಮಾತ್ರ ಬಾಯಿಗೆ, ಸೇವಂತಿಗೆಯ ದಪ್ಪ ಹಾಸು ಕಟ್ಟಿ ನಡುವೆ ಗುಲಾಬಿಯಲ್ಲಿ ವಧೂವರರ ಹೆಸರು ಬರೆದಿದ್ದರು. ನಾನು ನೋಡಿ "ಭೇಷ್!" ಎಂದೆ.

ಸೂಟು ತೊಟ್ಟು, ಮೈಸೂರು ಪೇಟ ಇಟ್ಟು, ಹಾರ ಹಾಕಿದ ಮುನಿರಾಜುವನ್ನು ಪಕ್ಕದಲ್ಲಿ ಕೂರಿಸಿ, ರೇಸಿನ ಬೆಲ್ಟನ್ನು ಬಿಗಿದೆ.

"ಭಾವ, ಇದ್ಯಾಕೆ?"

"ಸೇಫ್ಟಿ ಕಣಯ್ಯಾ!"

ವಾಲಗ ಮೊಳಗಿತು. ಮುಂದೆ ಬ್ಯಾಂಡ್ ಸೆಟ್ಟು, ಕುಣಿಯುವ ಹುಡುಗರು, ಆಮೇಲೆ ವಾಲಗದವರು, ಅವರ ಹಿಂದೆ ನಾವು. ಆಗ ನನಗೆ ಮೊದಲ ಸತ್ಯ ಗೋಚರಿಸಿತು. ವಾಲಗದವರು ಹತ್ತು ಹೆಜ್ಜೆ ನಡೆದು ನಿಲ್ಲುತ್ತಾರೆ. ನಿಂತು ಒಂದು ಇಡೀ ಕೀರ್ತನೆ ನುಡಿಸುತ್ತಾರೆ. ಆಮೇಲೆ ಮತ್ತೆ ಹತ್ತು ಹೆಜ್ಜೆ. ನನ್ನ ರೇಸ್ ಕ್ಲಚ್ಚಿಗೋ ಎರಡೇ ಭಾಷೆ ಗೊತ್ತು: ನಿಲ್ಲು, ಇಲ್ಲವೇ ಹಾರು! ಪ್ರತಿ ಸಲ ಬಿಟ್ಟಾಗಲೂ ಕಾರು ಧಡಕ್ಕನೆ ನೆಗೆದು ಗಕ್ಕನೆ ನಿಲ್ಲುತ್ತಿತ್ತು. ನೆಗೆತಕ್ಕೊಮ್ಮೆ ಮುನಿರಾಜುವಿನ ತಲೆ ಮುಂದಕ್ಕೆ ಬಾಗುತ್ತಿತ್ತು.

"ನೋಡ್ರೇ, ಎಷ್ಟು ವಿನಯ ಹುಡುಗನಿಗೆ! ಕಂಡೋರ್ಗೆಲ್ಲ ತಲೆ ಬಗ್ಗಿಸ್ತಾ ಅವ್ನೆ" ಎಂದು ಹೆಣ್ಣಿನ ಕಡೆಯ ಅಜ್ಜಿಯೊಬ್ಬರು ಮೆಚ್ಚಿಕೊಂಡರು.

"ಭಾವ, ಕತ್ತು ಕಳಚ್ಕೊಂಡ್ ಬರ್ತಾ ಇದೆ" ಎಂದು ವಿನಯವಂತ ನರಳಿದ.

ಎರಡನೆಯ ಸತ್ಯ ಮುಳ್ಳಿನ ರೂಪದಲ್ಲಿ ಬಂತು. ಅದು ನನ್ನ ಕಣ್ಣೆದುರೇ ಎದ್ದು, ನಡೆದು, ಕೆಂಪು ಗೆರೆ ಮುಟ್ಟಿತು. ಬಾನೆಟ್ಟಿನ ಸಂದಿಯಿಂದ ಬೆಂದ ಸೇವಂತಿಗೆಯ ಹೊಗೆ ಏಳತೊಡಗಿತು.

"ಕಾರಿಗೇ ಸಾಂಬ್ರಾಣಿ ಹಾಕ್ಸವ್ರೆ ಕಣಮ್ಮ!" ಎಂದು ಅದೇ ಅಜ್ಜಿ ಕೈಮುಗಿದರು.

ನಾನು ವಾಲಗದವರಿಗೆ ಸ್ವಲ್ಪ ಬೇಗ ನಡೆಯಿರಪ್ಪಾ ಎಂದು ಕೂಗಿದೆ. ಅವರು ತಲೆಯಾಡಿಸಿ, ಬೇಗ ನುಡಿಸಿದರು. ನಿಂತಲ್ಲೇ!

ಇನ್ನು ಉಳಿದದ್ದು ಒಂದೇ ದಾರಿ. ಕಾರಿಗೆ ಗಾಳಿ ಬೇಕು. ಗಾಳಿ ಬೇಕಾದರೆ ಓಡಬೇಕು. "ಮುನಿರಾಜು, ಒಂದೇ ಒಂದು ರೌಂಡು ಹಾಕ್ಕೊಂಡ್ ಬಂದ್ಬಿಡೋಣ. ಎರಡ್ ನಿಮಿಷ" ಎಂದು ಹೇಳಿ ಹಾರ್ನು ಒತ್ತಿದೆ. ಕುಣಿಯುತ್ತಿದ್ದವರು ಚದುರಿದರು. ಕಾರು ಘರ್ಜಿಸಿತು. ಚೌಲ್ಟ್ರಿಯ ಬಾಗಿಲಲ್ಲಿ ನಂಜಪ್ಪ ದಂಪತಿ ವರನ ಕಾಲು ತೊಳೆಯಲು ತಂಬಿಗೆ ಹಿಡಿದು ನಿಂತಿದ್ದರು. ಅವರ ಮುಂದಿನಿಂದಲೇ ಅಳಿಯನನ್ನು ಕೂರಿಸಿಕೊಂಡು ಬಾಣದಂತೆ ಹೊರಟುಹೋದೆ.

ಮುಳ್ಳು ಇಳಿಯಿತು. ನಾನು ಗೆಲುವಿನಿಂದ ಶಿಳ್ಳೆ ಹಾಕಿದೆ. ತಿರುಗಿಸೋಣವೆಂದು ನಿಧಾನಿಸಿದೆ. ಮುಳ್ಳು ಏರಿತು! ಮತ್ತೆ ಓಡಿಸಿದೆ, ಇಳಿಯಿತು. ನಿಧಾನಿಸಿದರೆ ಕಾರು ಕುದಿಯುತ್ತದೆ, ನಿಧಾನಿಸದೆ ತಿರುಗಿಸಲಾಗುವುದಿಲ್ಲ, ತಿರುಗಿಸದೆ ಓಡಿದರೆ ಚೌಲ್ಟ್ರಿ ದೂರವಾಗುತ್ತದೆ. ಈ ಲೆಕ್ಕ ಬಿಡಿಸುವಷ್ಟರಲ್ಲಿ ಎದುರಿಗೆ ರೈಲ್ವೆ ಗೇಟು. ಹಾಕಿತ್ತು!

ನಿಂತೆವು. ರೇಡಿಯೇಟರಿನ ಮುಚ್ಚಳ ಹಾರಿ, ಬಿಸಿನೀರಿನ ಕಾರಂಜಿ ಎದ್ದು, ಎಂಜಿನ್ನು ಒಮ್ಮೆ ಕೆಮ್ಮಿ ಶಿವಪಾದ ಸೇರಿತು. ಗೂಡ್ಸ್ ಗಾಡಿ ಬಂತು. ಅದರಷ್ಟು ಉದ್ದದ ಗೂಡ್ಸ್ ಗಾಡಿಯನ್ನು ನಾನು ಮತ್ತೆ ಕಂಡಿಲ್ಲ. ಹಿಂದೆ ಲಾರಿ, ಪಕ್ಕದಲ್ಲಿ ಬಸ್ಸು, ಸುತ್ತ ಸೈಕಲ್ಲು. ಹಾರ ಹಾಕಿಕೊಂಡ ವರ ಮಧ್ಯದಲ್ಲಿ ಹಬೆಯಾಡುತ್ತ ಕೂತಿದ್ದ.

"ಶೂಟಿಂಗಾ ಗುರು?" ಎಂದು ಬಸ್ಸಿನ ಕಿಟಕಿಯಿಂದ ಒಬ್ಬ ಕೇಳಿದ.

"ಭಾವ, ನಾನು ಆಟೋದಲ್ಲಿ ಹೋಗ್ಬಿಡ್ತೀನಿ, ಬಿಚ್ಚಿ ಇದನ್ನ" ಎಂದ ಮುನಿರಾಜು. ಬೆಲ್ಟಿನ ಬಕಲ್ಲಿಗೆ ಹಾರದ ದಾರ ಸಿಕ್ಕಿಕೊಂಡು ಕಚ್ಚಿಬಿಟ್ಟಿತ್ತು. ನಾನು ಎಳೆದೆ, ಬಸ್ಸಿನವನು ಎಳೆದ, ಲಾರಿ ಕ್ಲೀನರು ಎಳೆದ. ಎಳೆದಷ್ಟೂ ವರ ಬಿಗಿಯಾದ! ಕೊನೆಗೆ ಎಳನೀರಿನವನು ಮಚ್ಚು ಹಿಡಿದು ಬಂದ. ಮುನಿರಾಜು ಕಣ್ಣು ಮುಚ್ಚಿ ಮನೆದೇವರನ್ನು ಕರೆದ. ಬೆಲ್ಟೂ ಹೋಯಿತು, ಕೋಟಿನ ಎರಡು ಗುಂಡಿಯೂ ಹೋದವು.

ಅಷ್ಟು ಹೊತ್ತಿಗೆ ಚೌಲ್ಟ್ರಿಯಲ್ಲಿ ಏನಾಗಿತ್ತೆಂಬುದು ನನಗೆ ಆಮೇಲೆ ತಿಳಿಯಿತು. ಮೊಬೈಲು ಇನ್ನೂ ನಮ್ಮಂಥವರ ಜೇಬಿಗೆ ಇಳಿಯದಿದ್ದ ಕಾಲ. ಮೊದಲು, ಹುಡುಗ ಓಡಿಹೋದ ಎಂದಾಯಿತು. ಆಮೇಲೆ, ಓಡಿಹೋಗಲಿಲ್ಲ, ಹಗ್ಗ ಹಾಕಿ ಕಟ್ಟಿ ಎತ್ತಿಕೊಂಡು ಹೋದರು, ಕಣ್ಣಾರೆ ನೋಡಿದೆವು ಎಂದಾಯಿತು. ಹೊತ್ತುಕೊಂಡು ಹೋದವನು ಭಾವನೇ ಆದ್ದರಿಂದ ಇದು ಸೈಟಿನ ಜಗಳ ಎಂದು ಹಿರಿಯರು ತೀರ್ಪಿತ್ತರು. ಆಗ ಎದ್ದು ನಿಂತವಳು ಪ್ರಮೀಳಾ.

"ಒಬ್ಬರನ್ನ ಎತ್ಕೊಂಡ್ ಹೋಗೋವಷ್ಟು ಧೈರ್ಯ ನಮ್ಮೆಜಮಾನ್ರಿಗೆಲ್ಲಿದೆ? ಎಲ್ಲೋ ಕಾರು ಕೆಟ್ಟು ನಿಂತಿರ್ತಾರೆ, ಹೋಗಿ ನೋಡ್ರೋ!"

ಇಬ್ಬರು ಸ್ಕೂಟರಿನಲ್ಲಿ ಹುಡುಕಲು ಹೊರಟರು. ನನ್ನ ಕಾರು ಹಳೇ ಮದ್ರಾಸು ರಸ್ತೆಯಲ್ಲಿ ಹಾರುತ್ತದೆಂದು ನಾನೇ ಸಿಕ್ಕಸಿಕ್ಕವರಿಗೆಲ್ಲ ಕೊಚ್ಚಿಕೊಂಡಿದ್ದೆನಲ್ಲ, ಅವರು ನೇರವಾಗಿ ಹಳೇ ಮದ್ರಾಸು ರಸ್ತೆಗೇ ಹೋದರು.

ಗೇಟು ತೆರೆದಾಗ ಆ ಕಡೆಯಿಂದ ಮೊದಲು ಬಂದದ್ದು ರಸೆಲ್ ಮಾರುಕಟ್ಟೆಗೆ ಕೋಳಿ ಒಯ್ಯುತ್ತಿದ್ದ ಟೆಂಪೋ. ಕಾರನ್ನು ರಸ್ತೆಯ ಪಕ್ಕಕ್ಕೆ ತಳ್ಳಿ, ಕೈ ಅಡ್ಡ ಹಾಕಿ, ಕಾಲು ಹಿಡಿಯುವುದೊಂದು ಬಾಕಿ ಎನ್ನುವಂತೆ ಬೇಡಿ ಅದಕ್ಕೇ ಹತ್ತಿದೆವು. ಮುಂದೆ ಜಾಗವಿರಲಿಲ್ಲ. ವರ ಮಹಾಶಯ ಹಿಂದೆ ಕೋಳಿಗೂಡುಗಳ ನಡುವೆ, ಪೇಟ ಹಿಡಿದುಕೊಂಡು ಬಂದ.

ಚೌಲ್ಟ್ರಿಯ ಮುಂದೆ ವಾಲಗ ನಿಂತಿತ್ತು. ನಂಜಪ್ಪನವರು ತಂಬಿಗೆ ಹಿಡಿದು ಇನ್ನೂ ಅಲ್ಲೇ ಇದ್ದರು. ನೀರು ಅರ್ಧ ಅವರ ಪಂಚೆಯ ಮೇಲೆಯೇ ಚೆಲ್ಲಿತ್ತು. ಅಳಿಯನ ಕಾಲಿಗಂಟಿದ್ದ ಒಂದು ಪುಕ್ಕವನ್ನು ತೆಗೆದುಹಾಕಿ ಕಾಲು ತೊಳೆದರು. ನನಗೆ ಬೈಯಲಿ, ಎರಡು ಏಟು ಹಾಕಲಿ ಎಂದು ಕಾದೆ. "ಬಂದ್ರಲ್ಲ ಸಾರ್, ಸಾಕು" ಎಂದರು. ಏಟೇ ವಾಸಿಯಿತ್ತು.

ಒಳಗೆ ವೇದಿಕೆಯ ಮೇಲೆ ಭಾಗ್ಯ ಒಬ್ಬಳೇ ನಿಂತಿದ್ದಳು. ಕಣ್ಣಿನ ಕಪ್ಪು ಕೆನ್ನೆಗೆ ಇಳಿದಿತ್ತು. ಹತ್ತಿರ ಹೋಗಿ "ತಪ್ಪಾಯ್ತಮ್ಮಾ" ಎಂದೆ.

"ಪರ್ವಾಗಿಲ್ಲ ಅಣ್ಣ" ಎಂದಳು. ಆಮೇಲೆ ಸೆರಗಿನಿಂದ ಕೆನ್ನೆ ಒರೆಸಿಕೊಂಡು, "ಜನ ಊಟಕ್ಕೆ ಹೋಗ್ಬೇಕಿತ್ತಲ್ಲ, ಕಾಯೋಕಾಗಲ್ಲ ಅಂತ ಒಬ್ಬೊಬ್ಬರೇ ಬಂದು ನನ್ ಜೊತೆ ಫೋಟೋ ತೆಗೆಸ್ಕೊಂಡ್ ಹೋದ್ರು. ಪಕ್ಕದಲ್ಲಿ ಖಾಲಿ ಕುರ್ಚಿ ಇಟ್ಕೊಂಡು ನಗ್ತಾ ನಿಂತಿದ್ದೆ" ಎಂದಳು.

ಆ ಫೋಟೋಗಳು ಇಂದಿಗೂ ಆಲ್ಬಮಿನಲ್ಲಿವೆ. ಭಾಗ್ಯ, ಖಾಲಿ ಕುರ್ಚಿ ಮತ್ತು ಹಸಿದ ನೆಂಟರು, ಪುಟದ ಮೇಲೆ ಪುಟ. ಅವರ ಮನೆಗೆ ಹೋದಾಗ ಯಾರಾದರೂ ಆಲ್ಬಮ್ ಕೈಗೆತ್ತಿಕೊಂಡರೆ ನಾನು ನೀರು ಕುಡಿಯಲು ಒಳಗೆ ಹೋಗುತ್ತೇನೆ.

ಪ್ರಮೀಳಾ ಒಂದು ವಾರ ನನ್ನೊಡನೆ ಮಾತಾಡಲಿಲ್ಲ. ಕಾರನ್ನು ಮಾರಿದೆ. ಕೊಂಡವನಿಗೆ ಮದುವೆಯಾಗಿದೆಯೇ ಎಂದು ಮೊದಲೇ ವಿಚಾರಿಸಿಕೊಂಡೆ. ಆಗಿತ್ತು.

ಎರಡು ವರ್ಷದ ಮೇಲೆ ನಂಜಪ್ಪನವರ ಕಿರಿಮಗಳ ಮದುವೆ, ಅದೇ ಚೌಲ್ಟ್ರಿಯಲ್ಲಿ. ದಂಪತಿಗಳಿಬ್ಬರೂ ಕುಂಕುಮ, ಅಕ್ಷತೆ ಹಿಡಿದು ಮನೆಗೇ ಬಂದು ಕರೆದರು. ನನಗೆ ಹೃದಯ ತುಂಬಿ ಬಂತು. ಹೊರಡುವಾಗ ನಂಜಪ್ಪನವರು ಚಪ್ಪಲಿ ಮೆಟ್ಟಿಕೊಳ್ಳುತ್ತ ತಡೆದು ನಿಂತರು.

"ಒಂದ್ ಮಾತು ಸಾರ್, ತಪ್ಪು ತಿಳ್ಕೋಬೇಡಿ. ತಾವು ನಡ್ಕೊಂಡು ಬಂದ್ಬಿಡಿ."

ನಾನು ಜೋರಾಗಿ ನಕ್ಕೆ. ಅವರು ನಗಲಿಲ್ಲ.

ಆ ಸಂಜೆ ಪ್ರಮೀಳಾ ಮಕ್ಕಳೊಂದಿಗೆ ಆಟೋ ಹತ್ತಿದಳು. ನಾನು ಜರಿ ಪಂಚೆ ಎತ್ತಿ ಕಟ್ಟಿ ಇಂದಿರಾನಗರದಿಂದ ಬಾಣಸವಾಡಿಗೆ ನಡೆದೆ. ದಾರಿಯಲ್ಲಿ ಎರಡು ಕಡೆ ನಿಂತು ನೀರು ಕುಡಿಯಬೇಕಾಯಿತು. ತಲುಪುವಷ್ಟರಲ್ಲಿ ವಾಲಗ ಮುಗಿದು ವರ ಒಳಗೆ ಕೂತಾಗಿತ್ತು. ಬಾಗಿಲಲ್ಲಿ ಪನ್ನೀರು ಹಿಡಿದು ನಿಂತಿದ್ದ ಭಾಗ್ಯ "ಬನ್ನಿ ಅಣ್ಣ, ಬನ್ನಿ" ಎಂದು ಬಾಯ್ತುಂಬ ಕರೆದಳು. ಕರೆಯುತ್ತಲೇ ನನ್ನ ಹೆಗಲ ಮೇಲಿಂದ ಕತ್ತು ಚಾಚಿ, ಹಿಂದೆ ರಸ್ತೆಯಲ್ಲಿ ಏನಾದರೂ ನಿಂತಿದೆಯೇ ಎಂದು ಒಮ್ಮೆ ಇಣುಕಿ ನೋಡಿದಳು.

ಏನೂ ಇರಲಿಲ್ಲ. ಹಬೆಯಾಡುತ್ತಿದ್ದವನು ನಾನೊಬ್ಬನೇ!