ಗೀರಿಲ್ಲದ ಚಾಕು

ಬೂಟ್ ಪಾಲಿಶಿನ ಡಬ್ಬಿಯ ಮುಚ್ಚಳ ಬಿಚ್ಚಲಿಲ್ಲ. ಇಷ್ಟೇ ಕಾರಣ. ಕಾಂತಪ್ಪ ಕೈಗೆ ಸಿಕ್ಕ ಚಾಕುವನ್ನು ಮುಚ್ಚಳದ ಸಂದಿಗೆ ತುರುಕಿ ಒಂದು ಸಲ ಮೀಟಿದ. ಮುಚ್ಚಳ ಹಾರಿ ನೀರಿನ ಕೊಡದ ಹಿಂದೆ ಬಿತ್ತು. ಅದನ್ನು ಹೆಕ್ಕಿಕೊಂಡು ಮೇಲೆದ್ದರೆ ಎದುರಿಗೆ ಹೆಂಡತಿ ಸಾವಂತ್ರವ್ವ ನಿಂತಿದ್ದಳು.

"ಯಾವ ಚಾಕು ಅದು?"

ಕಾಂತಪ್ಪ ಕೈಯಲ್ಲಿದ್ದದ್ದನ್ನು ತಿರುಗಿಸಿ ನೋಡಿದ. "ಚಾಕು," ಎಂದ.

"ಯಾರ ಚಾಕು ಅಂತ ಕೇಳಾಕತ್ತೀನಿ."

ಅದು ರಾಧಾಬಾಯಿಯ ಚಾಕು. ಪುಣೆಯ ಕಸಬಾ ಪೇಠೆಯಲ್ಲಿ ಇವರು ಬಾಡಿಗೆಗಿದ್ದ ಹಳೆಯ ದೊಡ್ಡ ವಾಡೆಗೆ ರಾಧಾಬಾಯಿಯೇ ಮಾಲಕಿ. ಅವಳ ಗಂಡ ಬದುಕಿದ್ದಾಗ ಯಾವನೋ ಸಾಹೇಬ ವಿಲಾಯತಿಗೆ ಹೊರಡುವ ಮುಂದೆ ಕೊಟ್ಟ ಜೋಡಿ ಚಾಕುಗಳಲ್ಲಿ ಇದು ಒಂದು. ಅಲಗು ಕನ್ನಡಿಯ ಹಾಗೆ. ಅದರಲ್ಲಿ ಮುಖ ನೋಡಿಕೊಂಡು ಹಣೆಗೆ ಕುಂಕುಮ ಇಟ್ಟುಕೊಳ್ಳಬಹುದಿತ್ತು. ಸೋಮವಾರ ಕಾಂತಪ್ಪನ ಕಚೇರಿಯ ಹೆಡ್‌ಕ್ಲಾರ್ಕು ಊಟಕ್ಕೆ ಬಂದಾಗ, ಕಲ್ಲಂಗಡಿ ಕೊಯ್ಯಲಿಕ್ಕೆಂದು ರಾಧಾಬಾಯಿ ತಾನಾಗಿಯೇ ಮಹಡಿಯ ಕಟಕಟೆಯಿಂದ ಕರೆದು ಕೊಟ್ಟಿದ್ದಳು. "ಬುಧವಾರ ದೀಪಾ ಹಚ್ಚೂ ಹೊತ್ತಿಗೆ ತಂದ ಕೊಡು," ಎಂದೂ ಹೇಳಿದ್ದಳು.

ಆರು ವರ್ಷದಲ್ಲಿ ಒಂದು ಚಮಚ ಉಪ್ಪನ್ನೂ ತಾನಾಗಿ ಕೊಡದ ಹೆಂಗಸು. ಈಗ ಯಾಕೆ ಕೊಟ್ಟಳೆಂಬುದು ಸಾವಂತ್ರವ್ವನಿಗೆ ಗೊತ್ತಿತ್ತು. ವಾಡೆಯ ಮುಂದಿನ ಖೋಲಿ ಆ ತಿಂಗಳು ಖಾಲಿಯಾಗಿತ್ತು. ಅದಕ್ಕೆ ರಸ್ತೆಯ ಕಡೆ ಕಿಡಕಿ ಇತ್ತು. ಕಿಡಕಿಯಿಂದ ಗಾಳಿ ಬರುತ್ತಿತ್ತು, ಬೆಳಕು ಬರುತ್ತಿತ್ತು, ಟಾಂಗಾಗಳ ಸಪ್ಪಳ ಬರುತ್ತಿತ್ತು. ಸಾವಂತ್ರವ್ವನ ಖೋಲಿ ಹಿಂದೆ, ನಳದ ಮಗ್ಗುಲಿಗೆ. ಅಲ್ಲಿಗೆ ಬರುತ್ತಿದ್ದದ್ದು ಇಡೀ ವಾಡೆಯ ಬಟ್ಟೆ ಒಗೆದ ನೀರು ಮಾತ್ರ. ಒಲೆಯ ಹೊಗೆಗೆ ಹೋಗಲು ದಾರಿ ಇರದೆ ಅದೂ ಮನೆಯವರ ಜೊತೆಯೇ ಸಂಸಾರ ಮಾಡಿಕೊಂಡಿತ್ತು. ಮುಂದಿನ ಖೋಲಿಯನ್ನು ಕೇಳಿದವರು ಇಬ್ಬರು: ಸಾವಂತ್ರವ್ವ ಒಬ್ಬಳು, ಎದುರು ಸಾಲಿನ ರಂಗೂಬಾಯಿ ಇನ್ನೊಬ್ಬಳು. ಯಾರಿಗೆಂದು ಬುಧವಾರ ಹೇಳುತ್ತೇನೆ ಎಂದಿದ್ದಳು ರಾಧಾಬಾಯಿ. ಚಾಕು ಕೊಡಬೇಕಾದದ್ದೂ ಬುಧವಾರವೇ, ಅಂದರೆ ಇವತ್ತೇ. ಇದು ಪರೀಕ್ಷೆಯಲ್ಲದೆ ಮತ್ತೇನು?

ಸಾವಂತ್ರವ್ವ ಚಾಕು ಕಸಿದುಕೊಂಡು ಅಂಚಿನ ಮೇಲೆ ಹೆಬ್ಬೆರಳು ಆಡಿಸಿದಳು. ಮೊಂಡ. ಪೂರಾ ಮೊಂಡ. ಸೋಮವಾರ ಕಲ್ಲಂಗಡಿ ಕೊಯ್ಯುವಾಗ ಕಾಂತಪ್ಪ ಬೆವರಿದ್ದನೇನೋ ಖರೆ, ಅದು ಅವನ ಕೈಯ ಚಂದ ಎಂದು ಅವಳು ತಿಳಿದಿದ್ದಳು. ಈಗ ನೋಡಿದರೆ ಬೆಣ್ಣೆಯೂ ಇದಕ್ಕೆ ಹೆದರುವಂತಿರಲಿಲ್ಲ.

"ಒಂದು ಡಬ್ಬಿ ತೆಗದದ್ದಕ್ಕ ಇಷ್ಟು ಮೊಂಡ ಆಗತದೇನು?" ಎಂದ ಕಾಂತಪ್ಪ.

"ನಿಮ್ಮ ಕೈಯಾಗ ಸಿಕ್ಕರ ಒನಕಿನೂ ಮೊಂಡ ಆಗತದ. ಮನ್ಯಾಗ ಒಂದು ನೆಟ್ಟನ ಚಾಕು ತರ್ರಿ ಅಂತ ಆರು ವರ್ಷ ಬಡಕೊಂಡೆ. ನಮ್ಮದ ಒಂದು ಇದ್ದಿದ್ದರ ಮಂದೀದು ಮುಟ್ಟೂ ಹಣೇಬಾರ ಯಾಕ ಬರತಿತ್ತು?"

"ಇವತ್ತ ತರತೀನಿ."

"ತಂದಾಗ ನೋಡೂಣು."

ಕಾಂತಪ್ಪ ಆ ದಿನ ಒಂದೇ ಬೂಟಿಗೆ ಪಾಲಿಶ್ ಹಚ್ಚಿಕೊಂಡು ಕಚೇರಿಗೆ ಹೋದ. ಇನ್ನೊಂದಕ್ಕೆ ಹಚ್ಚುವಷ್ಟು ಹೊತ್ತು ಮನೆಯಲ್ಲಿ ನಿಲ್ಲುವ ಧೈರ್ಯ ಅವನಿಗಿರಲಿಲ್ಲ.

ಓಣಿಯಲ್ಲಿ ಬರುವ ಸಾಣೆಯವನ ಚಕ್ರಕ್ಕೆ ಕೊಡುವಂತಿರಲಿಲ್ಲ. ಅವನು ಕಿಡಿ ಹಾರಿಸಿ ಅರ್ಧ ಅಲಗು ತಿಂದು, ಉಳಿದರ್ಧಕ್ಕೆ ಬೆಕ್ಕು ಪರಚಿದ ಹಾಗೆ ಗೀರು ಹಾಕಿ ಕೊಡುವವನು. ಮನೆಯಲ್ಲೇ ಮಸೆಯಬೇಕು, ಅಂಚು ಹರಿತವಾಗಬೇಕು, ಅಲಗಿನ ಕನ್ನಡಿಗೆ ಒಂದು ಗೀರೂ ಬೀಳಬಾರದು. ವಾಡೆಗೆಲ್ಲ ಒಂದೇ ಮಸೆಗಲ್ಲು. ಅದು ಇದ್ದದ್ದು ನಳದ ಕಟ್ಟೆಯ ಮೇಲೆ, ಸಾವಂತ್ರವ್ವನ ಹೊಸ್ತಿಲಿನಿಂದ ಮೂರು ಹೆಜ್ಜೆಗೆ.

ಗೀರು ಬೀಳುವುದು ಕಲ್ಲಿನಿಂದಲ್ಲ, ಕಲ್ಲಿನ ಮೇಲೆ ಕುಳಿತ ಉಸುಕಿನಿಂದ ಎಂದು ಅವಳ ತಾಯಿ ಹೇಳುತ್ತಿದ್ದಳು. ಸಾವಂತ್ರವ್ವ ಕಲ್ಲನ್ನು ತೆಂಗಿನ ನಾರಿನಿಂದ ಮೂರು ಸಲ ತಿಕ್ಕಿದಳು. ಬಕೆಟ್ಟಿನಲ್ಲಿ ಮುಳುಗಿಸಿದಳು. ಕಲ್ಲು ಗುಳುಗುಳು ಎಂದು ನೀರು ಕುಡಿಯಿತು. ಗುಳ್ಳೆ ನಿಲ್ಲುವ ತನಕ ಕಾಯುತ್ತ, ಗಂಡನನ್ನು ಒಂದೊಂದು ಗುಳ್ಳೆಗೆ ಒಂದೊಂದು ಮಾತಿನಂತೆ ಬೈದಳು.

ಕಲ್ಲು ಹೊರಗೆ ತೆಗೆದದ್ದೇ ತಡ, ಪಕ್ಕದ ಖೋಲಿಯ ಅವಧೂತ ಮಾಸ್ತರರು ಬಂದು ನಿಂತರು. ಶಾಲೆಯಿಂದ ನಿವೃತ್ತರಾಗಿ ಒಂಬತ್ತು ವರ್ಷವಾಗಿದ್ದರೂ ಕಲಿಸುವ ಚಟದಿಂದ ನಿವೃತ್ತರಾಗಿರಲಿಲ್ಲ.

"ಹಾಂಗಲ್ಲ ತಂಗಿ. ಬರೇ ಅಲಗು ಕಲ್ಲಿಗೆ ಹಿಡದರ ಗೀರು ಬಿದ್ದs ಬೀಳತಾವು. ಎರಡೂ ಕಡೆ ಕಾಗದಾ ಅಂಟಸು. ಅಂಚು ಅಷ್ಟ ಹೊರಗ ಬಿಡು. ಕಾಗದಾ ಗೀರು ತಿಂತದ, ಅಲಗು ಉಳೀತದ."

ಮಾತಿನಲ್ಲಿ ಹುರುಳಿದೆ ಅನ್ನಿಸಿತು. ಮಾಸ್ತರರು ತಮ್ಮ ಅಂದಿನ ಪತ್ರಿಕೆಯ ಒಂದು ಹಾಳೆಯನ್ನೇ ತ್ಯಾಗ ಮಾಡಿದರು. ಸಾವಂತ್ರವ್ವ ಮೈದಾ ಕಾಸಿ ಅಂಟು ಮಾಡಿ, ಕಾಗದ ಹಚ್ಚಿ, ಬಿಸಿಲಿಗಿಟ್ಟು ಒಣಗಿಸಿದಳು. ಒಂದು ತಾಸು ಹೋಯಿತು. ಮಸೆಯಲು ಕುಳಿತಳು. ನಾಲ್ಕು ಸಲ ಎಳೆಯುವಷ್ಟರಲ್ಲಿ ಕಾಗದ ನೆಂದು, ಸುರುಳಿ ಸುತ್ತಿ, ಹುಗ್ಗಿಯಾಗಿ ಕೈಗೆ ಬಂತು. ಅಲಗಿನ ಮೇಲೆ ಅಚ್ಚಿನ ಮಸಿ ಉಳಿಯಿತು. ವಿಲಾಯತಿ ಕನ್ನಡಿಯ ಮೇಲೆ ಕೇಶವರ್ಧಕ ತೈಲದ ಜಾಹೀರಾತು, ಉಲ್ಟಾ ಅಕ್ಷರಗಳಲ್ಲಿ, ಜಡೆ ಬಿಟ್ಟ ಹೆಂಗಸಿನ ಚಿತ್ರದ ಸಮೇತ.

"ಮಾಸ್ತರ," ಎಂದಳು ಸಾವಂತ್ರವ್ವ ಬಹಳ ಮೆಲ್ಲಗೆ.

"ಅಂಟು ತೆಳ್ಳಗಾತು," ಎಂದರು ಮಾಸ್ತರರು.

"ನೀವು ಒಳಗ ಹೋಗ್ರಿ."

"ಹರಿತ ಎಷ್ಟಾಗೇದ ನೋಡತೀನಿ, ತಾ ಇಲ್ಲೆ." ಬೇಡವೆನ್ನುವಷ್ಟರಲ್ಲಿ ಮಾಸ್ತರರು ಅಂಚಿನ ಮೇಲೆ ಹೆಬ್ಬೆರಳು ಎಳೆದರು. ನಾಲ್ಕೇ ಎಳೆತದಲ್ಲಿ ಅಂಚು ಅಷ್ಟಾದರೂ ಕೆಲಸ ಕಲಿತಿತ್ತು. ಮಾಸ್ತರರು ತಮ್ಮ ಬೆರಳನ್ನೂ ರಕ್ತವನ್ನೂ ಯಾರೋ ಬೇರೆಯವರದೆಂಬಂತೆ ನೋಡಿದರು. ಅರಿಶಿನ ಹಚ್ಚುವ ಕೆಲಸವೂ ಸಾವಂತ್ರವ್ವನಿಗೇ ಬಂತು. ಅವಳು ಅದನ್ನು ಮೆಣಸಿನಕಾಯಿ ಅರೆಯುವ ಹಾಗೆ ಒತ್ತಿ ಹಚ್ಚಿದಳು. ಮಾಸ್ತರರು ಒಳಗೆ ಹೋದರು.

ಚಿಮಣಿಯ ಘಾಸಲೇಟ ಎಣ್ಣೆಯಲ್ಲಿ ಬಟ್ಟೆ ಅದ್ದಿ ಮಸಿ ಒರೆಸುತ್ತಿರುವಾಗ ರಂಗೂಬಾಯಿ ಬಂದಳು. ಸೊಲ್ಲಾಪುರದ ಕಡೆಯವಳು, ಮಾತು ಸಕ್ಕರೆ, ಕಣ್ಣು ಮಾತ್ರ ಮುಂದಿನ ಖೋಲಿಯ ಬೀಗದ ಮೇಲೆ.

"ಅಯ್ಯ ಅಕ್ಕ, ಘಾಸಲೇಟಕ್ಕ ಎಲ್ಲಿ ಹೋಗತದ ಅದು. ನನ್ನ ಹಂತೇಕ ರಂಗೋಲಿ ಪುಡಿ ಅದ. ಚಂದಾಗಿ ತಿಕ್ಕಿಕೊಡತೀನಿ, ತಾ."

ಎನ್ನುತ್ತಲೇ ಚಿಟಿಕೆ ಪುಡಿ ಸುರಿದು ಬೆರಳಿಟ್ಟಳು. ಸಾವಂತ್ರವ್ವ ಹದ್ದಿನ ಹಾಗೆ ಎರಗಿ ಚಾಕು ಕಸಿದು, ಬಕೆಟ್ಟಿಗೆ ಅದ್ದಿ, ಬಿಸಿಲಿಗೆ ಹಿಡಿದು ನೋಡಿದಳು. ಗೀರಿರಲಿಲ್ಲ.

"ರಂಗೋಲಿ ಅಂದರ ಕಲ್ಲಿನ ಪುಡಿ ಅನ್ನೂದು ಗೊತ್ತಿಲ್ಲೇನು ನಿನಗ? ಕನ್ನಡೀನ ಕಲ್ಲಿಲೆ ತಿಕ್ಕತಾರೇನು?"

"ಒಳ್ಳೇದಕ್ಕ ಬಂದೆ, ತಪ್ಪಾತು. ಹೋದ ವರ್ಷ ರಾಧಾಬಾಯಾರು ನನಗೂ ಕೊಟ್ಟಿದ್ದರು ಇದನ್ನ. ನಾನೂ ಇದs ಕಲ್ಲಿನ ಮ್ಯಾಲೆ ಮಸದೆ. ಒಂದs ಒಂದು ಗೀರು ಬಿತ್ತು, ಅದನ್ನ ಬಿಡಸಲಿಕ್ಕೆ ಬಾಯಾರು ದಂಡಿನ ಕ್ಯಾಂಪಿನ ಕಾರಿಗರನ ಹಂತೇಕ ಕಳಸಬೇಕಾತು. ನಾಕ ದಿನಾ ನನ್ನ ಕೂಡ ಮಾತಾಡಲಿಲ್ಲ."

ಸಾವಂತ್ರವ್ವನ ಸಿಟ್ಟಿನೊಳಗೆ ಸಣ್ಣದೊಂದು ಬತ್ತಿ ಸಂತೋಷದಿಂದ ಹೊತ್ತಿಕೊಂಡಿತು. ಹಾಗಾದರೆ ರಂಗೂಬಾಯಿ ಈ ಪರೀಕ್ಷೆಯಲ್ಲಿ ಮೊದಲೇ ನಪಾಸು. ಗೀರಿಲ್ಲದೆ ಚಾಕು ಮೇಲೆ ಹೋದರೆ ಕಿಡಕಿ ತನ್ನದೇ.

ಆದರೆ ಆಗಲೇ ಮೂರು ಗಂಟೆ. ನಾಲ್ಕಕ್ಕೆ ನಳಕ್ಕೆ ನೀರು ಬಂದರೆ ಕಟ್ಟೆಯ ಮೇಲೆ ಕೊಡಗಳ ಜಾತ್ರೆ. ಸಾವಂತ್ರವ್ವ ಬಾಗಿಲು ಹಾಕಿಕೊಂಡು ತಾನೇ ಯೋಚಿಸಿದಳು. ನೀರಿಗೆ ಕರಗಬಾರದು, ಅಲಗಿಗೆ ಅಂಟಿರಬೇಕು, ಆಮೇಲೆ ಬಿಡಲೂ ಬೇಕು. ಗೂಡಿನಲ್ಲಿ ಅರ್ಧ ಮೇಣಬತ್ತಿ ಇತ್ತು. ಚಾಕುವನ್ನು ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ, ಒರೆಸಿ, ಎರಡೂ ಮಗ್ಗುಲಿಗೆ ಮೇಣ ಸವರಿದಳು. ತೆಳ್ಳಗೆ ಮಂಜು ಕವಿದ ಹಾಗೆ ಕುಳಿತಿತು. ಅಂಚಿನ ಮೇಣವನ್ನಷ್ಟೇ ಉಗುರಿನಿಂದ ತೆಗೆದಳು.

ಕಲ್ಲನ್ನು ಮತ್ತೆ ತೊಳೆದು ಮಸೆಯಲು ಕುಳಿತಳು. ಹತ್ತು ಸಲ ಈ ಕಡೆ, ಹತ್ತು ಸಲ ಆ ಕಡೆ. ಪ್ರತಿ ಹತ್ತಕ್ಕೆ ಕಲ್ಲಿಗೆ ಒಂದು ಬೊಗಸೆ ನೀರು. ಒಬ್ಬಳು ಕೊಡ ತಂದಿಟ್ಟಳು. ಸಾವಂತ್ರವ್ವ ತಲೆ ಎತ್ತಿ ಒಂದು ಸಲ ನೋಡಿದಳು. ಕೊಡ ತಾನಾಗಿಯೇ ಹಿಂದಕ್ಕೆ ಹೋಯಿತು. ಕೊನೆಗೆ ಬಿಸಿನೀರು ಸುರಿದು ಮೆತ್ತನೆಯ ಹಳೆಯ ಧೋತರದಿಂದ ಒರೆಸಿದಾಗ ಅಲಗಿನಲ್ಲಿ ಅವಳ ಮುಖ ಕಂಡಿತು. ಹುಬ್ಬು ಗಂಟಿಕ್ಕಿದ, ಬೆವರಿದ, ಮಸಿ ಮೆತ್ತಿದ ಮುಖ. ಅದರ ಮೇಲೆ ಒಂದು ಗೀರೂ ಇರಲಿಲ್ಲ. ತಲೆಯ ಒಂದು ಕೂದಲು ಕಿತ್ತು ಅಂಚಿಗೆ ತಾಗಿಸಿದಳು. ಎರಡು ತುಂಡು.

ದೀಪ ಹಚ್ಚುವ ಹೊತ್ತಿಗೆ ಮಹಡಿ ಹತ್ತಿದಳು. ರಂಗೂಬಾಯಿ ಆಗಲೇ ಅಲ್ಲಿ ಒಂದು ಮೂಲೆಯಲ್ಲಿ ಕುಳಿತಿದ್ದಳು. ರಾಧಾಬಾಯಿ ಬೆಳಗಾವಿಯಲ್ಲಿ ಹುಟ್ಟಿದವಳು, ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಚಾಕುವನ್ನು ದೀಪಕ್ಕೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಮೂಗಿಗೆ ಚಾಳೀಸು ಏರಿಸಿಕೊಂಡು ಮತ್ತೆ ನೋಡಿದಳು.

"ಮಸದೀಯೇನು?"

ಸಾವಂತ್ರವ್ವ ಸತ್ಯ ಹೇಳಲು ಗಟ್ಟಿಯಾದಳು. "ನಮ್ಮವರು ಡಬ್ಬಿ ತೆಗದು ಮೊಂಡ ಮಾಡಿದ್ದರ್ರಿ. ಅದಕ್ಕ ಮಸದೆ. ತಪ್ಪಾತು."

"ಅವರೇನು ಮೊಂಡ ಮಾಡತಾರ," ಎಂದಳು ರಾಧಾಬಾಯಿ. "ಅದು ದೀಪಾವಳಿಯಿಂದ ಮೊಂಡ ಬಿದ್ದಿತ್ತು. ಅದಕ್ಕs ನಿನಗ ಕೊಟ್ಟೆ."

ಸಾವಂತ್ರವ್ವ ಸೆರಗಿನಿಂದ ಮುಖದ ಮಸಿ ಒರೆಸಿಕೊಂಡಳು.

"ಮಂದಿ ವಸ್ತು ತಗೊಂಡರ ಚೆಂದ ಮಾಡಿ ಕೊಡತಾರೋ ಇಲ್ಲೋ ನೋಡಬೇಕಾಗಿತ್ತು. ಭಾಳ ಚಂದ ಮಾಡೀದಿ. ಇಂಥಾ ಕೈ ನಾ ನೋಡಿಲ್ಲ." ರಾಧಾಬಾಯಿ ಚಾಕುವನ್ನು ಒರೆಗೆ ಸೇರಿಸಿದಳು. "ಇಂಥಾ ಕೈ ಮಸೆಗಲ್ಲಿನ ಮಗ್ಗಲಕ್ಕs ಇರಬೇಕು. ಮುಂದಿನ ಖೋಲಿ ರಂಗೂಬಾಯಿಗೆ ಕೊಟ್ಟೀನಿ."

"ಆಕೀಗೆ? ಆಕಿ ಗೀರು ಹಾಕಿದ್ದಳಲ್ಲರಿ."

"ಹೂಂ. ಅದಕ್ಕs. ಗೀರು ಹಾಕೂ ಮಂದಿ ಆ ಕಲ್ಲಿನಿಂದ ಎಷ್ಟು ದೂರ ಇರತಾರೋ ಅಷ್ಟು ಛಲೋ. ಇದರ ಜೋಡೀದು ಇನ್ನೊಂದು ಚಾಕು ಅದ, ಅದನ್ನೂ ಕೆಳಗ ಕಳಸತೀನಿ. ವಾಡೇದವರಿಗೂ ಹೇಳೀನಿ, ಇನ್ನ ಮ್ಯಾಲೆ ಎಲ್ಲಾರೂ ನಿನ್ನ ಹಂತೇಕs ಕೊಡ್ರಿ ಅಂತ."

ರಂಗೂಬಾಯಿ ನೆಲ ನೋಡುತ್ತ ಕುಳಿತಿದ್ದಳು. ನಗು ಮುಚ್ಚಿಡಲು ನೆಲವೇ ಸರಿಯಾದ ಜಾಗ.

ಸಾವಂತ್ರವ್ವ ಮೆಟ್ಟಿಲು ಇಳಿದದ್ದು ತನಗೇ ಗೊತ್ತಾಗಲಿಲ್ಲ. ಅವಳ ಹೊಸ್ತಿಲ ಮುಂದೆ ಆಗಲೇ ಒಂದು ಗುಡ್ಡೆ ಬಿದ್ದಿತ್ತು: ಎರಡು ಈಳಿಗೆ, ಒಂದು ಅಡಕೊತ್ತು, ಮಾಸ್ತರರ ಪೆನ್ಸಿಲ್ ಕೆತ್ತುವ ಚಾಕು. ಎಲ್ಲಕ್ಕೂ ಮೇಲೆ, ಮಬ್ಬು ಬೆಳಕಿನಲ್ಲೂ ಫಳಫಳ ಹೊಳೆಯುವ ಒಂದು ಚಾಕು. ಜೋಡಿಯ ಇನ್ನೊಂದು. ಇಷ್ಟು ಬೇಗ ಕಳಿಸಿಯೂ ಬಿಟ್ಟಳೇ.

ಆಗ ಸಾವಂತ್ರವ್ವನ ತಲೆಯಲ್ಲಿ ಒಂದು ಲೆಕ್ಕ ತಾನಾಗಿ ಕೂಡಿತು. ಗೀರು ಹಾಕಿದವರಿಗೆ ಮುಂದಿನ ಖೋಲಿ. ಸರಿ. ಗೀರೇ ಬೇಕೇನು ರಾಧಾಬಾಯಿಗೆ?

ಅವಳು ಕಲ್ಲು ತೊಳೆಯಲಿಲ್ಲ. ತುಳಸಿಕಟ್ಟೆಯ ಬುಡದಿಂದ ಒಂದು ಮುಷ್ಟಿ ಉಸುಕು ತಂದು ಅದರ ಮೇಲೆ ಸುರಿದಳು. ಹೊಳೆಯುವ ಚಾಕುವನ್ನು ಅಡ್ಡಡ್ಡ ಮಲಗಿಸಿದಳು. ಆರು ವರ್ಷದ ಹೊಗೆ, ಮಾಸ್ತರರ ಪತ್ರಿಕೆ, ರಂಗೋಲಿ ಪುಡಿ, ದೀಪಾವಳಿಯಿಂದ ಮೊಂಡ ಬಿದ್ದ ಅಲಗು, ಎಲ್ಲವನ್ನೂ ಎರಡು ಅಂಗೈಗೆ ತಂದು ಉಜ್ಜಿದಳು. ಕರಕರ ಸಪ್ಪಳಕ್ಕೆ ಗೂಡಿನ ಪಾರಿವಾಳಗಳು ಎದ್ದು ಹಾರಿದವು. ಕನ್ನಡಿ ಹೋಗಿ ಒರಟು ಕಾಲಿನ ಹಿಮ್ಮಡಿಯಂತಾಯಿತು. ತಿರುಗಿಸಿ ಆ ಮಗ್ಗುಲನ್ನೂ ಉಜ್ಜಿದಳು. ಇಡೀ ದಿನದಲ್ಲಿ ಮೊದಲ ಸಲ ಅವಳಿಗೆ ಹಗುರವೆನ್ನಿಸಿತು.

ಒಳಗಿನಿಂದ ಕಾಂತಪ್ಪ ಬೂಟು ಬಿಚ್ಚಿಟ್ಟು ಬಂದ. ಯಾವಾಗ ಮನೆಗೆ ಬಂದನೋ ಅವಳು ನೋಡಿರಲಿಲ್ಲ. ಮುಖದಲ್ಲಿ ಹೊಸ ಮದುಮಗನ ನಾಚಿಕೆ ಇತ್ತು.

"ನೋಡೀದಿ ಏನು?" ಎಂದ. "ಕ್ಯಾಂಪಿನ ಅಂಗಡೀ ತನಕಾ ನಡಕೋತ ಹೋಗಿ ತಂದೆ. ಥೇಟ್ ಬಾಯಾರ ಚಾಕುವಿನಂಥಾದ್ದs. ಎಲ್ಲಾರ್ದೂ ಇಲ್ಲೆ ತಂದ ಇಟ್ಟಾರ, ನಮ್ಮದ ಮೊದಲ ಆಗಲಿ ಅಂತ ನಮ್ಮದ ಮ್ಯಾಲ ಇಟ್ಟೀನಿ."

ಸಾವಂತ್ರವ್ವ ಕೈಯಲ್ಲಿದ್ದದ್ದನ್ನು ನೋಡಿದಳು. ಕಾಂತಪ್ಪನೂ ನೋಡಿದ. ಅವನು ಒಂದು ಹೆಜ್ಜೆ ಹಿಂದೆ ಸರಿದ, ಇನ್ನೊಂದು ಹೆಜ್ಜೆ ಸರಿದು ಹೊಸ್ತಿಲು ದಾಟಿದ.

ಮೇಲಿನ ಕಟಕಟೆಯಿಂದ ರಾಧಾಬಾಯಿಯ ದನಿ ಕೇಳಿತು. "ಆಗಲೇ ಕೂತೀಯೇನು ಸಾವಂತ್ರಾ? ಶಾಣ್ಯಾಕಿ. ನನ್ನ ಇನ್ನೊಂದು ಚಾಕು ತೆಗದಿಟ್ಟೀನಿ, ಬಂದು ಒಯ್ಯಿ."